ನಾಲಿಗೆ ತಡವರಿಸಿದಲ್ಲಿ ಒಂದು ಚುಕ್ಕಿ

ನಟರು ಮಾತು ಮರೆತರೆ ಯಜಮಾನರು ನಟರನ್ನು ಬೈಯುತ್ತಿರಲಿಲ್ಲ. ನಾಟಕ ಬರೆದವರನ್ನು ಕರೆಯುತ್ತಿದ್ದರು.

"ನಾಲ್ಕು ದಿನದಿಂದ ಅದೇ ಜಾಗದಲ್ಲಿ ಮರೀತಿದಾನೆ. ಇದು ಮರೆವಲ್ಲ ಸ್ವಾಮಿ. ಆ ಮಾತಿಗೆ ಅಲ್ಲಿರೋಕೆ ಇಷ್ಟ ಇಲ್ಲ. ಸ್ವಲ್ಪ ನೋಡಿ."

ಚಾಮರಾಜಪೇಟೆಯ ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ಅವರು ಪ್ರಾಂಪ್ಟರ್. ರಂಗದ ಪಕ್ಕದಲ್ಲಿ, ಪರದೆಯ ಮರೆಯಲ್ಲಿ, ಸಣ್ಣ ಸ್ಟೂಲಿನ ಮೇಲೆ ಹಸ್ತಪ್ರತಿ ಹಿಡಿದು ಕೂತು, ಮಾತು ಮರೆತವರಿಗೆ ಮೊದಲ ಎರಡು ಅಕ್ಷರ ಎತ್ತಿಕೊಡುವ ಕೆಲಸ. ಎರಡೇ ಅಕ್ಷರ. ಮೂರನೆಯದನ್ನು ಅವರು ಕೊಟ್ಟಿದ್ದು ನಾನು ಕೇಳಿಲ್ಲ. ಅಧ್ಯಕ್ಷ, ಕಾರ್ಯದರ್ಶಿ, ನಿರ್ದೇಶಕ ಎಲ್ಲ ಬೇರೆಯವರೇ ಆಗಿದ್ದರು. ಆದರೂ ತಂಡದಲ್ಲಿ ಎಲ್ಲರೂ 'ಯಜಮಾನರು' ಎನ್ನುತ್ತಿದ್ದದ್ದು ಅವರನ್ನೇ. ಬಳೇಪೇಟೆಯಲ್ಲಿ ಅವರ ತಾತನ ಕಾಲದಿಂದ ಬಂದ ಬಳೆ ಅಂಗಡಿಯಿತ್ತು. ಅಲ್ಲಿಯ ಕೆಲಸದವರು ಕರೆಯುತ್ತಿದ್ದ ಹೆಸರು ಅವರ ಜೊತೆ ನಡೆದುಕೊಂಡೇ ತಂಡಕ್ಕೂ ಬಂದಿರಬೇಕು.

ಹೋದ ತಿಂಗಳು ತೀರಿಕೊಂಡರು. ಎಂಬತ್ತು ದಾಟಿತ್ತು. ಮಧ್ಯಾಹ್ನ ಊಟ ಮಾಡಿ, ಕುರ್ಚಿಯಲ್ಲಿ ಒರಗಿ, ಹಾಗೇ ಹೋದರಂತೆ. ಶ್ರದ್ಧಾಂಜಲಿ ಸಭೆಗೆ ಫೋಟೋ ಹುಡುಕಿದೆವು. ತಂಡದ ಅಷ್ಟು ವರ್ಷಗಳ ಫೋಟೋಗಳಲ್ಲಿ ಒಂದರಲ್ಲೂ ಅವರಿರಲಿಲ್ಲ. ಕೊನೆಗೆ ಮೊಮ್ಮಗಳ ಮದುವೆಯ ಗುಂಪಿನ ಫೋಟೋದಿಂದ ಅವರೊಬ್ಬರನ್ನು ಕತ್ತರಿಸಿ ತೆಗೆದು ಹಾರ ಹಾಕಿದೆವು. ಅದರಲ್ಲಿ ಅವರು ಹಣೆಯ ತುಂಬ ವಿಭೂತಿ ಇಟ್ಟುಕೊಂಡು, ಫೋಟೋದವನ ಕಡೆ ನೋಡದೆ, ಪಕ್ಕದಲ್ಲಿ ಯಾರೋ ಮಾತಾಡುತ್ತಿದ್ದುದನ್ನು ಕಿವಿಗೊಟ್ಟು ಕೇಳುತ್ತಿದ್ದರು. ಫೋಟೋ ಚೆನ್ನಾಗಿ ಬಂದಿದೆ ಎಂದು ಎಲ್ಲರಿಗೂ ಅನ್ನಿಸಿತು.

ನಮ್ಮ ತಂಡದಲ್ಲಿ ಪ್ರತಿ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಹೊಸ ನಾಟಕಗಳ ಓದು ಇರುತ್ತದೆ. ಒಂದು ಹಳೇ ಶಾಲೆಯ ಮಹಡಿ ಕೋಣೆ. ಚಿಕ್ಕ ಮಕ್ಕಳ ಬೆಂಚುಗಳು, ಕೂತರೆ ಮೊಣಕಾಲು ಎದೆಗೆ ತಾಗುತ್ತದೆ. ಯಾರು ಬೇಕಾದರೂ ತಾವು ಬರೆದ ನಾಟಕ ತರಬಹುದು. ನಟರು ಅದನ್ನು ಮೊದಲ ಸಲ ಕೈಗೆ ತೆಗೆದುಕೊಂಡು ಅಲ್ಲೇ ಗಟ್ಟಿಯಾಗಿ ಓದುತ್ತಾರೆ. ಬರೆದವರು ಬಾಯಿ ಬಿಡುವಂತಿಲ್ಲ. ಆ ನಿಯಮ ಯಜಮಾನರದೇ. ಒಮ್ಮೆ ಒಬ್ಬ ಕಾಲೇಜು ಅಧ್ಯಾಪಕರು ತಡೆಯಲಾರದೆ ಎದ್ದು ನಿಂತು, "ಇಲ್ಲಿ ನನ್ನ ಉದ್ದೇಶ ಏನಂದ್ರೆ..." ಎಂದು ಶುರು ಮಾಡಿದರು.

ಯಜಮಾನರು ಬಹಳ ಮರ್ಯಾದೆಯಿಂದ ಕೇಳಿದರು: "ಆಟದ ದಿನ ತಾವು ಪ್ರತಿಯೊಬ್ಬರ ಪಕ್ಕಾನೂ ಕೂತ್ಕೋತೀರಾ ಸಾರ್?"

ಅಧ್ಯಾಪಕರು ಕೂತರು. ಅದೇ ಅಧ್ಯಾಪಕರ ನಾಟಕದಲ್ಲಿ ಇಪ್ಪತ್ತೆರಡು ಪಾತ್ರಗಳಿದ್ದವು. ಓದು ಮುಗಿದ ಮೇಲೆ ಯಜಮಾನರು, "ನಮ್ಮಲ್ಲಿರೋದು ಒಂಬತ್ತು ಜನ. ಅದ್ರಲ್ಲಿ ಇಬ್ಬರಿಗೆ ಶನಿವಾರ ರಜಾ ಇಲ್ಲ. ಯಾರ್ ಯಾರನ್ನ ಒಬ್ಬರನ್ನಾಗಿ ಮಾಡಬಹುದು ನೋಡಿ" ಎಂದರು. ಮೂರು ತಿಂಗಳ ನಂತರ ನಾಟಕ ಏಳು ಪಾತ್ರಗಳೊಂದಿಗೆ ತಿರುಗಿ ಬಂತು. ಅದು ಇವತ್ತಿಗೂ ನಮ್ಮ ತಂಡ ಅತಿ ಹೆಚ್ಚು ಸಲ ಆಡಿರುವ ನಾಟಕ.

ಬರೆದವರಿಗೆ ಇನ್ನೊಂದು ಶಿಕ್ಷೆಯೂ ಇತ್ತು. ತಮ್ಮ ನಾಟಕ ರಂಗಕ್ಕೆ ಬರುವ ಮೊದಲು ಬೇರೆಯವರ ನಾಟಕಕ್ಕೆ ಪರದೆ ಎಳೆಯಬೇಕು. "ಪರದೆ ಎಳೀತಾ ಇದ್ರೆ ಕೈಗೇ ಗೊತ್ತಾಗುತ್ತೆ, ಎಲ್ಲಿ ಮುಗೀಬೇಕಿತ್ತು, ಇನ್ನೂ ಯಾಕೆ ಮುಗೀತಿಲ್ಲ ಅಂತ." ನಾನೂ ಬೇರೆಯವರ ಎರಡು ನಾಟಕಗಳಿಗೆ ಎಳೆದಿದ್ದೇನೆ. ಎರಡೂ ಮುಗಿಯಬೇಕಾದ ಕಡೆ ಮುಗಿದಿರಲಿಲ್ಲ.

ನಾನು ಶ್ರೀರಾಂಪುರದವಳು. ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಅಪ್ಪ ಮಿಲ್ಲಿನಲ್ಲಿದ್ದರು, ಈಗಿಲ್ಲ. ಅಮ್ಮ ಮನೆಯಲ್ಲೇ ಊದಿನಕಡ್ಡಿ ಹೊಸೆದು ನನ್ನನ್ನು ಓದಿಸಿದಳು. ನಮ್ಮ ಓಣಿಯಲ್ಲಿ ಆಗ ಮನೆಮನೆಯಲ್ಲೂ ಹೆಂಗಸರು ಅದೇ ಕೆಲಸ ಮಾಡುತ್ತಿದ್ದರು. ಇದ್ದಿಲ ಪುಡಿ ಕಲಸಿದ ಹಿಟ್ಟನ್ನು ಮಣೆಯ ಮೇಲೆ ಬಿದಿರು ಕಡ್ಡಿಗೆ ಅಂಗೈಯಿಂದ ಹೊಸೆಯುವುದು. ಎಲ್ಲರ ಅಂಗೈಯೂ ಕಪ್ಪು. ಎಷ್ಟು ತೊಳೆದರೂ ರೇಖೆಗಳಲ್ಲಿ ಉಳಿಯುತ್ತಿದ್ದ ಕಪ್ಪು.

ನನ್ನ ಮೊದಲ ನಾಟಕ ಆ ಓಣಿಯದೇ. ಕಡ್ಡಿ ಒಯ್ಯಲು ಬರುತ್ತಿದ್ದ ಏಜೆಂಟ್ ಪ್ರತಿ ಕಟ್ಟಿನಿಂದ ಒಂದು ಹಿಡಿ ತೆಗೆದು, "ಇದು ಕೆಟ್ಟಿದೆ, ಲೆಕ್ಕಕ್ಕಿಲ್ಲ" ಎಂದು ಹೇಳಿ ಅದನ್ನೂ ಚೀಲಕ್ಕೇ ಹಾಕಿಕೊಂಡು ಹೋಗುತ್ತಿದ್ದ. ಒಂದು ದಿನ ಹೆಂಗಸರೆಲ್ಲ ಸೇರಿ ಹೊಸೆಯುವುದನ್ನೇ ನಿಲ್ಲಿಸಿದರು. ನನಗಾಗ ಆರು ವರ್ಷ. ನಾಟಕದಲ್ಲಿ ಹೆಂಗಸರ ಮುಂದಾಳು ನನ್ನ ಅಮ್ಮ. ಕೊನೆಯ ದೃಶ್ಯದಲ್ಲಿ ಅವಳು ಏಜೆಂಟನ ಮುಂದೆ ನಿಂತು ಒಂದೂವರೆ ಪುಟ ಮಾತಾಡುತ್ತಾಳೆ. ಬರೆದು ಮುಗಿಸಿದಾಗ ನಾನೇ ಅತ್ತಿದ್ದೆ.

ಕಚೇರಿಯ ಗೆಳತಿಯೊಬ್ಬಳು ಹೇಳಿದ್ದರಿಂದ ನಾಟಕ ತೆಗೆದುಕೊಂಡು ಆ ಮಹಡಿ ಕೋಣೆಗೆ ಹೋದೆ. ತ್ಯಾಗರಾಜನಗರದ ವಸುಧಾ ಅಮ್ಮನ ಪಾತ್ರ ಓದಿದಳು. ಬ್ಯಾಂಕಿನಲ್ಲಿ ಕೆಲಸ, ತಂಡದಲ್ಲಿ ಅವಳಷ್ಟು ಸಲೀಸಾಗಿ ಓದುವವರು ಬೇರೆ ಇಲ್ಲ. ಯಜಮಾನರು ಇನ್ನೊಂದು ಪ್ರತಿ ತೊಡೆಯ ಮೇಲಿಟ್ಟುಕೊಂಡು ಸಣ್ಣ ಪೆನ್ಸಿಲಿನಿಂದ ಆಗಾಗ ಏನೋ ಗುರುತು ಹಾಕುತ್ತಿದ್ದರು. ಓದು ಮುಗಿಯಿತು. ಕೆಲವರು ಚೆನ್ನಾಗಿದೆ ಎಂದರು. ನಿರ್ದೇಶಕರು ಕೊನೆಯ ಭಾಷಣಕ್ಕೆ ಚಪ್ಪಾಳೆ ಗ್ಯಾರಂಟಿ ಎಂದರು. ಯಜಮಾನರು ಪ್ರತಿಯನ್ನು ನನ್ನ ಕೈಗಿಟ್ಟರು.

ಅದರಲ್ಲಿ ಒಂದೇ ಒಂದು ಅಕ್ಷರ ಬರೆದಿರಲಿಲ್ಲ. ಬರೀ ಚುಕ್ಕಿಗಳು.

"ಓದೋರ ನಾಲಿಗೆ ತಡವರಿಸಿದ ಕಡೆಯೆಲ್ಲ ಒಂದೊಂದು ಚುಕ್ಕಿ ಇಟ್ಟಿದೀನಿ ತಾಯಿ. ಯಾಕೆ ತಡವರಿಸ್ತು ಅಂತ ನನಗೆ ಗೊತ್ತಿಲ್ಲ. ನೀವು ನೋಡ್ಕೊಳ್ಳಿ. ನೋಡಿದ ಮೇಲೆ ಅಂಗಡಿ ಹತ್ರ ಬನ್ನಿ."

ಮನೆಗೆ ಬಂದು ನೋಡಿದೆ. ಏಜೆಂಟನ ಮಾತುಗಳಲ್ಲಿ ಚುಕ್ಕಿಯಿಲ್ಲ. ಎದುರು ಮನೆಯ ಮುನಿಯಮ್ಮನ ಮಾತುಗಳಲ್ಲಿ ಇಡೀ ನಾಟಕಕ್ಕೆ ಎರಡು. ಉಳಿದ ಅಷ್ಟೂ ಚುಕ್ಕಿಗಳು ಅಮ್ಮನ ಮಾತುಗಳ ಮೇಲೆ, ಇರುವೆ ಮುತ್ತಿದ ಹಾಗೆ. ಅದೂ ಸಲೀಸಾಗಿ ಓದುವ ವಸುಧಾಳ ಬಾಯಲ್ಲಿ.

ನನಗೆ ಸಿಟ್ಟು ಬಂತು. ಪೇಟೆಯ ವ್ಯಾಪಾರಿಗೆ ನಮ್ಮ ಓಣಿಯ ಹೆಂಗಸಿನ ಬಗ್ಗೆ ಏನು ಗೊತ್ತು ಎಂದುಕೊಂಡೆ. ಮುಂದಿನ ವಾರ ಅದನ್ನೇ ಹೇಳಬೇಕೆಂದು ಬಳೇಪೇಟೆಗೆ ಹೋದೆ. ಕೈಗಾಡಿಗಳ ಸಂದಿಯಲ್ಲಿ ತೂರಿಕೊಂಡು ಅಂಗಡಿ ತಲುಪುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿತ್ತು. ಯಜಮಾನರು ಗಾಜಿನ ಬಳೆಯ ಗೊಂಚಲುಗಳ ಹಿಂದೆ ಕೂತಿದ್ದರು. ನನಗೊಂದು ಸ್ಟೂಲ್ ಎಳೆದು, ಕಾಫಿ ತರಿಸಿದರು.

"ಇದರಲ್ಲಿರೋ ಬೇರೆಯವರೆಲ್ಲ ಮಾತಾಡ್ತಾರೆ. ಈಯಮ್ಮ ಮಾತ್ರ ಭಾಷಣ ಮಾಡ್ತಾಳೆ. ನಾನು ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದೀನಿ. ಏನನ್ನಾದ್ರೂ ಮುಚ್ಚಿಡೋ ಪಾತ್ರನೇ ಉದ್ದುದ್ದ ಮಾತಾಡೋದು. ಈಯಮ್ಮ ಏನು ಮುಚ್ಚಿಡ್ತಿದಾಳೆ?"

ನಾನು ಕಾಫಿ ಲೋಟ ಕೈಗೆತ್ತಿಕೊಂಡೆ.

"ಅಥವಾ ನೀವಾ?"

ಅಂಗಡಿಗೆ ಯಾರೋ ಬಂದರು. ಅವರು ಎದ್ದು ಹೋಗಿ ಬಳೆ ತೋರಿಸಿ ಬರುವವರೆಗೆ ನಾನು ಕಾಫಿ ಲೋಟ ಹಿಡಿದು ಕೂತಿದ್ದೆ. ಅವರು ಬಂದು ಕೂತ ಮೇಲೆ ಹೇಳಿದೆ. ಇನ್ನೊಬ್ಬರಿಗೆ ಅದನ್ನು ಹೇಳಿದ್ದು ಅದೇ ಮೊದಲು.

ಹೆಂಗಸರನ್ನೆಲ್ಲ ಸೇರಿಸಿದವಳು ನನ್ನ ಅಮ್ಮನಲ್ಲ, ಮುನಿಯಮ್ಮ. ನಾಲ್ಕು ದಿನ ಓಣಿಯಲ್ಲಿ ಯಾರೂ ಹೊಸೆಯಲಿಲ್ಲ. ಎಲ್ಲರ ಅಂಗೈ ಬೆಳ್ಳಗಾಗುತ್ತ ಬಂದಿತ್ತು. ಐದನೇ ದಿನ ನನಗೆ ಜ್ವರ. ಅಮ್ಮ ಬಾಗಿಲು ಹಾಕಿಕೊಂಡು ಹೊಸೆದಳು. ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಎತ್ತುವಾಗ ಅವಳ ಕಪ್ಪು ಅಂಗೈಗಳನ್ನು ಮುನಿಯಮ್ಮ ನೋಡಿದಳು. ಸಂಜೆಯ ಹೊತ್ತಿಗೆ ಓಣಿಯ ಎಲ್ಲ ಮನೆಗಳಲ್ಲೂ ಮತ್ತೆ ಮಣೆಗಳು ಹೊರಬಂದವು. ಏಜೆಂಟ್ ಹಿಡಿ ತೆಗೆಯುವುದನ್ನು ನಿಲ್ಲಿಸಲಿಲ್ಲ. ಮುನಿಯಮ್ಮ ಅವತ್ತಿನಿಂದ ಅಮ್ಮನ ಜೊತೆ ಮಾತು ಬಿಟ್ಟಳು. ನಾವು ಮನೆ ಬದಲಿಸಲಿಲ್ಲ, ಅವಳೂ ಬದಲಿಸಲಿಲ್ಲ. ನಾಲ್ಕು ಹೆಜ್ಜೆ ಅಗಲದ ಓಣಿಯ ಆಚೆ ಈಚೆ ಇಪ್ಪತ್ತು ವರ್ಷ.

ಯಜಮಾನರು ನನ್ನ ಕೈಯಿಂದ ಲೋಟ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ, "ಇದನ್ನ ಬರೀರಿ ತಾಯಿ. ಆದ್ರೆ ಆಡೋಕೆ ಮುಂಚೆ ಅಮ್ಮನಿಗೆ ಓದಿ ಹೇಳಿ. ಅವರು ಬೇಡ ಅಂದ್ರೆ ಬೇಡ. ನಾಟಕ ಇನ್ನೊಂದು ಬರೀಬಹುದು" ಎಂದರು.

ಬರೆಯಲು ಎರಡು ತಿಂಗಳು ಹಿಡಿಯಿತು. ಓದಿ ಹೇಳುವ ಧೈರ್ಯ ಬರಲು ಇನ್ನೊಂದು ತಿಂಗಳು. ಒಂದು ಭಾನುವಾರ ಅಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಕೂತು ಓದಿದೆ. ಅವಳ ಮುಖ ನೋಡದೆ, ಒಂದೇ ಉಸಿರಿಗೆ. ಮುಗಿದಾಗ ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿರಲಿಲ್ಲ.

"ಜ್ವರ ಅಂತ ಬರ್ದಿದೀಯ" ಎಂದಳು.

"ಹೌದಲ್ಲಮ್ಮ. ನನಗೆ ಜ್ವರ ಇತ್ತಲ್ಲ."

"ಇತ್ತು. ಮಧ್ಯಾಹ್ನಕ್ಕೇ ಬಿಟ್ಟೋಗಿತ್ತು. ನೀನು ಎದ್ದು ಗಂಜಿ ಕುಡ್ದು ಆಟ ಆಡ್ತಿದ್ದೆ. ನಾನು ಆಮೇಲೂ ಹೊಸೀತಾನೇ ಇದ್ದೆ."

"ಯಾಕೆ?"

"ಯಾಕೋ. ಭಯ ಆಯ್ತು ಕಣೆ. ಕೆಲ್ಸ ಇನ್ಮೇಲೆ ಬರೋದೇ ಇಲ್ವೇನೋ ಅಂತ. ಅಷ್ಟೇ." ಸೊಪ್ಪಿನ ಕಡ್ಡಿಗಳನ್ನು ಒಟ್ಟು ಮಾಡಿ ಪೇಪರಿನಲ್ಲಿ ಸುತ್ತಿದಳು. "ಆಡ್ಸು. ಆದ್ರೆ ಜ್ವರದ ನೆಪ ತೆಗ್ದಾಕು. ಮುನಿಯಮ್ಮಂಗೆ ಗೊತ್ತು ಅದು ಸುಳ್ಳು ಅಂತ. ನೀನು ಓಣೀಲಿ ಆಡ್ತಿದ್ದಿದ್ದನ್ನ ಅವಳು ನೋಡಿದ್ಲು."

ನಾನು ಮೂರನೇ ಸಲ ಬರೆದೆ. ಈ ಸಲ ಯಜಮಾನರು ವಾಪಸ್ ಕೊಟ್ಟ ಪ್ರತಿಯಲ್ಲಿ ಒಂಬತ್ತು ಚುಕ್ಕಿಗಳಿದ್ದವು. "ಒಂಬತ್ತು ಇದ್ದೇ ಇರುತ್ತೆ. ಒಂದೂ ಇಲ್ಲ ಅಂದ್ರೆ ಓದೋರು ನಿದ್ದೆ ಮಾಡ್ತಿದಾರೆ ಅಂತ" ಎಂದು ನಕ್ಕರು.

ಹೊಸ ನಾಟಕದ ಬಗ್ಗೆ ತಂಡದಲ್ಲಿ ಸಣ್ಣ ಜಗಳವೂ ಆಯಿತು. ಭಾಷಣ ಹೋಯಿತಲ್ಲ ಎಂದು ನಿರ್ದೇಶಕರಿಗೆ ಬೇಸರ. ಭಾಷೆಯನ್ನಾದರೂ ಸ್ವಲ್ಪ ತಿದ್ದೋಣ, ಎಲ್ಲರಿಗೂ ಹತ್ತಿರವಾಗುವ ಹಾಗೆ ಮಾಡೋಣ ಎಂದರು. ಯಜಮಾನರು, "ಎಲ್ಲರಿಗೂ ಅಂದ್ರೆ ಯಾರಿಗೆ? ಶ್ರೀರಾಂಪುರದಲ್ಲಿ ಇರೋರೂ ಎಲ್ಲರೇ ಅಲ್ವಾ?" ಎಂದು ಕೇಳಿ ಪೆನ್ಸಿಲ್ ಜೇಬಿಗಿಟ್ಟುಕೊಂಡರು. ನಿರ್ದೇಶಕರು ಒಳ್ಳೆಯವರು. ಒಂದು ವಾರ ಯೋಚಿಸಿ ಬಂದು, ಒಂದು ಪದವನ್ನೂ ಮುಟ್ಟದೆ ತಾಲೀಮು ಶುರು ಮಾಡಿದರು.

ಪ್ರದರ್ಶನಕ್ಕೆ ಎರಡು ದಿನ ಇರುವಾಗ ಯಜಮಾನರು ಕೇಳಿದರು: "ಎದುರು ಮನೆಯವರನ್ನ ಕರೆದ್ರಾ?"

"ಹೇಗೆ ಕರೀಲಿ ಸಾರ್?"

"ಬಾಯಲ್ಲಿ. ಬರೋದು ಬಿಡೋದು ಅವರಿಷ್ಟ."

ಕರೆದೆ. ಮುನಿಯಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಬಸವನಗುಡಿಯ ಒಂದು ಚಿಕ್ಕ ಸಭಾಂಗಣದಲ್ಲಿ ಭಾನುವಾರ ಸಂಜೆ ಆಟ. ಅಮ್ಮ ಎರಡನೇ ಸಾಲಿನಲ್ಲಿದ್ದಳು. ನಾನು ಪರದೆಯ ಹಗ್ಗ ಹಿಡಿದು ಒಂದು ಪಕ್ಕದಲ್ಲಿ, ಯಜಮಾನರು ಸ್ಟೂಲಿನ ಮೇಲೆ ಎದುರು ಪಕ್ಕದಲ್ಲಿ. ಕೊನೆಯ ದೃಶ್ಯ ನಲ್ಲಿಯ ಹತ್ತಿರದ್ದು. ಅಂಗೈ ನೋಡಿದವಳು "ಯಾಕೆ?" ಎಂದು ಕೇಳುತ್ತಾಳೆ. ಅದಕ್ಕೆ ಉತ್ತರವಾಗಿ ನಾನು ನಾಲ್ಕು ಸಾಲು ಬರೆದಿದ್ದೆ.

ವಸುಧಾ ಮರೆತಳು.

ಅವಳ ಕಣ್ಣು ಖಾಲಿಯಾದದ್ದು ನನಗೆ ಸ್ಪಷ್ಟವಾಗಿ ಕಾಣಿಸಿತು. ನಾನು ಯಜಮಾನರ ಕಡೆ ನೋಡಿದೆ. ಹಸ್ತಪ್ರತಿ ಅವರ ತೊಡೆಯ ಮೇಲೆ ಬಿಚ್ಚಿಯೇ ಇತ್ತು. ಅವರು ಬಾಯಿ ತೆರೆಯಲಿಲ್ಲ. ನಾನು ಕೈ ಬೀಸಿದೆ. ಅವರು ನನ್ನ ಕಡೆ ಅಂಗೈ ಎತ್ತಿ ತಡೆದರು. ಸಭಾಂಗಣದಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇಲ್ಲ. ವಸುಧಾ ತನ್ನ ಕಪ್ಪು ಬಳಿದ ಕೈಗಳನ್ನು ನೋಡಿಕೊಂಡಳು. ಕೊಡ ಕೆಳಗಿಟ್ಟಳು. ಆಮೇಲೆ ಎದುರಿನವಳ ಮುಖವನ್ನೇ ನೋಡುತ್ತ, ಮೆಲ್ಲಗೆ, "ಹೊಸೆದೆ" ಎಂದಳು.

ಅಷ್ಟೇ. ನನ್ನ ಕೈಗೆ ಗೊತ್ತಾಯಿತು. ಪರದೆ ಎಳೆದೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ವಸುಧಾ ಅಳುತ್ತ ಯಜಮಾನರ ಮೇಲೆ ಎರಗಿದಳು. "ನಾನು ನಿಜವಾಗ್ಲೂ ಮರೆತಿದ್ದೆ ಸಾರ್! ಯಾಕೆ ಕೊಡ್ಲಿಲ್ಲ ನೀವು?"

"ಮರೆತಿದ್ದೀರಿ ಅಂತ ಗೊತ್ತಿತ್ತಮ್ಮ" ಎಂದರು ಯಜಮಾನರು. "ಆದ್ರೆ ಆಯಮ್ಮಂಗೂ ಆಗ ಮಾತು ಸಿಕ್ಕಿರಲ್ಲ ಅಲ್ವಾ? ಇಬ್ಬರೂ ಒಟ್ಟಿಗೇ ಹುಡುಕ್ಲಿ ಅಂತ ಬಿಟ್ಟೆ." ನಂತರ ಜೇಬಿನಿಂದ ಪೆನ್ಸಿಲ್ ತೆಗೆದು ನನಗೆ ಕೊಟ್ಟು, "ಆ ನಾಲ್ಕು ಸಾಲು ನೀವೇ ಹೊಡೆದುಹಾಕಿ" ಎಂದರು. ಹೊಡೆದುಹಾಕಿದೆ. ಇಷ್ಟು ವರ್ಷಗಳಲ್ಲಿ ನಾನು ಬರೆದ ಅತ್ಯುತ್ತಮ ಮಾತು ಆ 'ಹೊಸೆದೆ' ಎನ್ನುತ್ತಾರೆ ಜನ. ಅದನ್ನು ಬರೆದವಳು ನಾನಲ್ಲ.

ಮುನಿಯಮ್ಮ ಬಂದಿದ್ದಳಂತೆ. ಕೊನೆಯ ಸಾಲಿನಲ್ಲಿ ಕೂತಿದ್ದು, ದೀಪ ಹತ್ತುವ ಮೊದಲೇ ಎದ್ದು ಹೋಗಿದ್ದಳು.

ಯಜಮಾನರು ಹೊರಗೆ ಬಂದು ಅಮ್ಮನಿಗೆ ಕೈ ಮುಗಿದರು. "ತಪ್ಪೇನಾದ್ರೂ ಕಾಣಿಸ್ತಾ ತಾಯಿ?"

ಅಮ್ಮ ಸಂಕೋಚಪಟ್ಟಳು. ಅವರು ಕಾಯುತ್ತ ನಿಂತೇ ಇದ್ದರು. ಕೊನೆಗೆ ಹೇಳಿದಳು: "ಆ ಹುಡುಗಿ ಚೆನ್ನಾಗ್ ಮಾಡಿದ್ಲು ಸಾಮಿ. ಆದ್ರೆ ಹೊಸೆಯೋದು ಸರಿ ಇಲ್ಲ. ಚಪಾತಿ ಲಟ್ಟಿಸ್ದಂಗೆ ಮಾಡ್ತಾಳೆ."

ಎರಡನೇ ಪ್ರದರ್ಶನಕ್ಕೆ ಮೂರು ವಾರವಿತ್ತು. ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ವಸುಧಾ ನಮ್ಮ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದಳು. ಯಜಮಾನರು ಕಳಿಸಿದ್ದರು. ಅಮ್ಮ ಕಡ್ಡಿ ಹೊಸೆಯುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅಟ್ಟದಿಂದ ಮಣೆ ಇಳಿಸಿ, ಎಲ್ಲಿಂದಲೋ ಹಿಟ್ಟು ತರಿಸಿ, ಒಳಗೆ ಬೆಳಕು ಸಾಲದೆಂದು ಬಾಗಿಲ ಮುಂದೆ ಕೂತು ಕಲಿಸತೊಡಗಿದಳು. ವಸುಧಾಳ ಕೈಯಲ್ಲಿ ಕಡ್ಡಿ ಮುರಿಯುತ್ತಿತ್ತು, ಹಿಟ್ಟು ಉದುರುತ್ತಿತ್ತು. ಅರ್ಧ ಗಂಟೆ ಹೀಗೇ ನಡೆಯಿತು.

ಎದುರು ಬಾಗಿಲಲ್ಲಿ ಮುನಿಯಮ್ಮ ಅಕ್ಕಿ ಆರಿಸುವ ಮೊರ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಇದ್ದಕ್ಕಿದ್ದಂತೆ ಮೊರ ಕೆಳಗಿಟ್ಟು ಓಣಿ ದಾಟಿ ಬಂದಳು. ಬಂದವಳು ಅಮ್ಮನ ಕಡೆ ನೋಡಲಿಲ್ಲ. ವಸುಧಾಳಿಗೆ ಹೇಳಿದಳು:

"ಅವಳತ್ರ ಏನ್ ಕಲೀತೀಯಮ್ಮ ನೀನು? ಅವಳಿಗೆ ಮೊದ್ಲಿಂದ್ಲೂ ತುದಿ ಸರಿಯಾಗಿ ಬರಲ್ಲ. ಇರು, ನಾ ತೋರುಸ್ತೀನಿ."

"ನಂದು ತುದಿ ಬರಲ್ವಾ?" ಎಂದಳು ಅಮ್ಮ.

"ಬರಲ್ಲ."

"ನನ್ ಕಟ್ಟಿಂದ ಅವನು ಹಿಡಿ ತೆಗೀತಿದ್ದಿದ್ದೇ ಕಮ್ಮಿ!"

"ಅವನಿಗೇನ್ ಗೊತ್ತಿತ್ತು ಮಣ್ಣು! ಸರ್ಕೋ ಆಕಡೆ."

ಅಮ್ಮ ಸರಿದಳು. ಮುನಿಯಮ್ಮ ಕೂತಳು. ವಸುಧಾ ಇಬ್ಬರ ನಡುವೆ ಕೈ ಕಪ್ಪು ಮಾಡಿಕೊಂಡು, ನನ್ನ ಕಡೆ ಕಣ್ಣರಳಿಸಿ ನೋಡಿದಳು. ನಾನು ಒಳಗೆ ಹೋಗಿ ನಾಲ್ಕು ಲೋಟ ಟೀ ಇಟ್ಟೆ. ಮಧ್ಯಾಹ್ನದವರೆಗೆ ಇಬ್ಬರೂ ಆ ಹುಡುಗಿಯನ್ನು ಬೈದರು, ಒಬ್ಬರನ್ನೊಬ್ಬರು ಬೈದರು, ಸತ್ತುಹೋದ ಏಜೆಂಟನನ್ನು ಬೈದರು. ಆ ಐದನೇ ದಿನದ ಮಾತು ಮಾತ್ರ ಯಾರೂ ಎತ್ತಲಿಲ್ಲ.

ಸೋಮವಾರ ಕಚೇರಿಗೆ ಅರ್ಧ ದಿನ ರಜೆ ಹಾಕಿ ಬಳೇಪೇಟೆಗೆ ಓಡಿದೆ. ಯಜಮಾನರಿಗೆ ಎಲ್ಲ ಹೇಳಿದೆ. ಅವರು ಪ್ರತಿಯೊಂದು ಮಾತನ್ನೂ ಅವರಾಡಿದ ಹಾಗೇ ಹೇಳಿಸಿದರು. "ಸರ್ಕೋ ಅಂದ್ರಾ, ಸರಿ ಅಂದ್ರಾ?" ಎಂದು ಕೇಳಿ ಖಚಿತ ಮಾಡಿಕೊಂಡರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನು ಚೀಲದಿಂದ ಹಸ್ತಪ್ರತಿ ತೆಗೆದು, ಈ ದೃಶ್ಯವನ್ನು ಕೊನೆಗೆ ಸೇರಿಸಿದರೆ ಹೇಗಿರುತ್ತದೆ ಎಂದು ಶುರು ಮಾಡಿದೆ.

ಅವರು ನಗು ನಿಲ್ಲಿಸಿ ತಲೆಯಾಡಿಸಿದರು. "ಬೇಡ ತಾಯಿ. ಅದನ್ನ ಅವರಿಗೇ ಬಿಟ್ಟುಬಿಡಿ. ಇಪ್ಪತ್ತು ವರ್ಷ ಕಾದು ಮಾಡ್ಕೊಂಡಿದಾರೆ."

ಸೇರಿಸಲಿಲ್ಲ. ನಾಟಕ ಇಂದಿಗೂ ನಲ್ಲಿಯ ಹತ್ತಿರ, ಆ ಒಂದು ಮಾತಿಗೇ ಮುಗಿಯುತ್ತದೆ. ಆಟವಾದ ಮೇಲೆ ಪ್ರತಿ ಸಲ ಯಾರಾದರೊಬ್ಬರು, ಹೆಚ್ಚಾಗಿ ವಯಸ್ಸಾದ ಹೆಂಗಸರು, ನನ್ನನ್ನು ಹುಡುಕಿಕೊಂಡು ಬಂದು ಕೇಳುತ್ತಾರೆ: "ಆಮೇಲೆ ಅವರಿಬ್ಬರೂ ಮಾತಾಡಿದ್ರೇನಮ್ಮ?"

"ಆಡಿದ್ರು" ಎನ್ನುತ್ತೇನೆ. "ಈಗ ನಿಲ್ಲಿಸೋದೇ ಕಷ್ಟ."